ವಾಟರ್ ಸರ್ವೀಸ್ ಶೆಡ್ಡಿನ ಕ್ಯಾಮೆರಾ: ಆಯ್ಕೆಯ ಅಳತೆಗಳ ಕುರಿತು ಒಂದು ಟಿಪ್ಪಣಿ

ಕಾರು ತೊಳೆಯುವ ಶೆಡ್ಡಿಗೆ ಸಿಸಿಟಿವಿ ಹಾಕಿಸಲು ಹೊರಟವರು ಅಂಗಡಿಯಲ್ಲಿ ಕೇಳುವುದು ಬಹುಮಟ್ಟಿಗೆ ಮೂರೇ ಮಾತು: ಎಷ್ಟು ಕ್ಯಾಮೆರಾ ಬೇಕಾಗುತ್ತದೆ, ಎಷ್ಟು ಮೆಗಾಪಿಕ್ಸೆಲ್, ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡಬಹುದೇ. ಮೂರಕ್ಕೂ ಉತ್ತರ ಸಿಗುತ್ತದೆ, ಕ್ಯಾಮೆರಾಗಳೂ ಗೋಡೆಗೇರುತ್ತವೆ. ಆದರೆ ತಕರಾರು ಬಂದ ದಿನ ರೆಕಾರ್ಡಿಂಗ್ ತೆಗೆದು ನೋಡಿದರೆ ಬೇಕಾದ್ದು ಮಾತ್ರ ಕಾಣುವುದಿಲ್ಲ. ಆಯ್ಕೆ ಶುರುವಾಗಬೇಕಾದ್ದು ಆ ತಕರಾರಿನಿಂದ ಎಂಬುದು ಈ ಟಿಪ್ಪಣಿಯ ವಾದ. ರೆಕಾರ್ಡಾದ ದೃಶ್ಯ ಮುಂದೆ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಲೆನ್ಸು, ಎತ್ತರ, ಹಾರ್ಡ್ ಡಿಸ್ಕು, ಇಂಟರ್‌ನೆಟ್ಟು ಎಲ್ಲದರ ಲೆಕ್ಕವೂ ಅಲ್ಲಿಂದಲೇ ಹೊರಡುತ್ತದೆ.

ಮಾದರಿಗೆಂದು ಬೆಂಗಳೂರಿನ ಹೊರವಲಯದ ಒಂದು ಸಾಧಾರಣ ಶೆಡ್ಡನ್ನು ಇಟ್ಟುಕೊಳ್ಳೋಣ: ರಸ್ತೆಗೆ ಒಂದು ಗೇಟು, ಎರಡು ಕಾರು ಒಟ್ಟಿಗೆ ತೊಳೆಯುವಷ್ಟು ಜಾಗ, ಒರೆಸಿ ಒಳಗೆ ವ್ಯಾಕ್ಯೂಮ್ ಹೊಡೆಯುವ ಅಂಗಳ, ಬಿಲ್ಲಿನ ಮೇಜು, ಹಿಂದೆ ಸಂಪು ಮತ್ತು ಮೋಟರು. ಇಲ್ಲಿ ಏಳುವ ಪ್ರಶ್ನೆಗಳು ಎಣಿಸಿದಷ್ಟೇ. ಬಾಗಿಲ ಮೇಲಿನ ಗೀರು ಬರುವಾಗಲೇ ಇತ್ತೇ? ಡ್ಯಾಶ್‌ಬೋರ್ಡಿನಲ್ಲಿಟ್ಟ ದುಡ್ಡು ಎಲ್ಲಿ ಹೋಯಿತು? ಇವತ್ತು ತೊಳೆದ ಗಾಡಿ ಎಷ್ಟು, ಬಿಲ್ಲಾದದ್ದು ಎಷ್ಟು? ರಾತ್ರಿ ಪಂಪು ಬಿಚ್ಚಿಕೊಂಡು ಹೋದವರು ಯಾರು? ಬೆಂಗಳೂರಿನಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ತಪ್ಪು ಮುಂದುವರಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. ಸಂಪಿಗೆ ಯಾವ ಟ್ಯಾಂಕರು, ಯಾವಾಗ ನೀರು ಬಿಟ್ಟಿತು ಎಂಬ ದೃಶ್ಯ ಅಂಥ ಹೊತ್ತಿನಲ್ಲಿ ಮಾಲೀಕನಿಗೆ ಆಸರೆಯಾಗಬಲ್ಲದು. ಆದ್ದರಿಂದ ಸಂಪಿನ ಕಡೆಗೂ ಒಂದು ಕ್ಯಾಮೆರಾ ಬೇಕು; ಗೇಟು, ತೊಳೆಯುವ ಜಾಗ, ಅಂಗಳ, ಬಿಲ್ಲಿನ ಮೇಜು ಸೇರಿ ಒಟ್ಟು ಐದು.

ಈ ಕಸುಬಿಗೇ ವಿಶಿಷ್ಟವಾದ ತೊಡಕು ನೀರು. ಮಾರುವವರು 'ವಾಟರ್‌ಪ್ರೂಫ್' ಎಂದು ಹೇಳಿ ಪೆಟ್ಟಿಗೆಯ ಮೇಲಿನ ಐಪಿ66 ಅಥವಾ ಐಪಿ67 ಅನ್ನು ತೋರಿಸುತ್ತಾರೆ. ಐಇಸಿ 60529 ಎಂಬ ಅಂತಾರಾಷ್ಟ್ರೀಯ ಮಾನಕದಲ್ಲಿ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ನೀರಿನ 6 ಎಂದರೆ 12.5 ಮಿ.ಮೀ. ಬಾಯಿಯ ನಳಿಕೆಯಿಂದ ನಿಮಿಷಕ್ಕೆ 100 ಲೀಟರ್ ನೀರನ್ನು ಸುಮಾರು ಮೂರು ಮೀಟರ್ ದೂರದಿಂದ ಎರಚಿ ನೋಡುವ ಪರೀಕ್ಷೆ. ಅಲ್ಲಿನ ಒತ್ತಡ 1 ಬಾರ್ ಆಸುಪಾಸು. ಶೆಡ್ಡಿನ ಪ್ರೆಶರ್ ಗನ್ ಹೊಡೆಯುವುದು 100 ಬಾರ್‌ಗೂ ಮೇಲೆ. 7 ಎಂಬ ಅಂಕಿಯ ಪರೀಕ್ಷೆಯೇ ಬೇರೆ: ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡುವುದು. ಮುಳುಗಿ ಗೆದ್ದದ್ದು ಚಿಮ್ಮುವ ನೀರಿಗೂ ಗೆಲ್ಲುತ್ತದೆಂದು ಮಾನಕ ಹೇಳುವುದಿಲ್ಲ. ಎರಡನ್ನೂ ಪಾಸು ಮಾಡಿದ ಸಾಮಾನಿನ ಮೇಲೆ ಐಪಿ66 ಮತ್ತು ಐಪಿ67 ಎರಡೂ ಅಚ್ಚಾಗಿರುತ್ತವೆ. ಹತ್ತಿರದಿಂದ 80 ಡಿಗ್ರಿ ಬಿಸಿನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ ಹೊಡೆಯುವ ಪರೀಕ್ಷೆಯ ಅಂಕಿ 9. ಐಪಿ69 ಕ್ಯಾಮೆರಾಗಳಿಗೆ ಬೆಲೆ ಹೆಚ್ಚು, ಎರಡು ಕಾರಿನ ಶೆಡ್ಡಿಗೆ ಅವು ಬೇಕೇಬೇಕೆಂದು ನನಗೆ ಅನ್ನಿಸುವುದಿಲ್ಲ. ಕ್ಯಾಮೆರಾವನ್ನು ಗನ್ನಿನ ನೇರ ಹೊಡೆತ ತಾಗದ ಎತ್ತರದಲ್ಲಿ, ತೊಳೆಯುವವನ ಬೆನ್ನ ಹಿಂದಿನ ಮೂಲೆಯಲ್ಲಿ ಕೂರಿಸಿದರೆ ಐಪಿ66 ಸಾಕು. ಗನ್ ಹಿಡಿದವನು ಕಾರಿನ ಸುತ್ತ ಹೇಗೆ ತಿರುಗುತ್ತಾನೆ ಎಂದು ಅರ್ಧ ದಿನ ನೋಡಿ ಆಮೇಲೆ ಗೋಡೆಗೆ ಡ್ರಿಲ್ ಹಾಕಬೇಕು.

ನೀರು ಕ್ಯಾಮೆರಾವನ್ನು ಕೆಡಿಸುವುದು ಸಾಮಾನ್ಯವಾಗಿ ಅದರ ಮುಖದಿಂದಲ್ಲ, ಬಾಲದಿಂದ. ಕ್ಯಾಮೆರಾದ ಹಿಂದಿನಿಂದ ಹೊರಡುವ ಗೇಣುದ್ದದ ವೈರಿನ ತುದಿಯಲ್ಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಕ್ ಇರುತ್ತದೆ. ಪೆಟ್ಟಿಗೆಯ ಮೇಲಿನ ಐಪಿ ಅಂಕಿ ಈ ಜಾಕಿಗೆ ಅನ್ವಯಿಸಬೇಕಾದರೆ ಜೊತೆಗೆ ಕೊಟ್ಟ ರಬ್ಬರ್ ವಾಶರ್ ಮತ್ತು ತಿರುಪಿನ ಮುಚ್ಚಳವನ್ನು ಹಾಕಿರಬೇಕು. ಅವಸರದ ಕೆಲಸದಲ್ಲಿ ಅವು ಹಾಗೇ ಪೆಟ್ಟಿಗೆಯಲ್ಲಿ ಉಳಿದು, ಜಾಕಿನ ಸುತ್ತ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿಕೊಂಡಿರುತ್ತದೆ. ಶಾಂಪೂ ನೊರೆಯ ತೇವ ಟೇಪಿನೊಳಗೆ ಸೇರಿದರೆ ಆರುವುದಿಲ್ಲ. ಆ ವೈರಿನಲ್ಲೇ ಕರೆಂಟೂ ಹರಿಯುವುದರಿಂದ ಜಾಕಿನ ಹಿತ್ತಾಳೆ ಬಣ್ಣದ ಕಡ್ಡಿಗಳು ಹಸಿರು ಕಿಲುಬು ಹಿಡಿಯುತ್ತವೆ. ಮೊದಲು ಚಿತ್ರ ಆಗಾಗ ಕಡಿಯುತ್ತದೆ, ಆಮೇಲೆ ಪೂರ್ತಿ ಹೋಗುತ್ತದೆ. ಜಾಕನ್ನು ಮುಚ್ಚಿದ ಜಂಕ್ಷನ್ ಬಾಕ್ಸಿನೊಳಗೆ ಇಡುವುದು, ವೈರು ಬಾಕ್ಸಿಗೆ ಕೆಳಗಿನಿಂದ ಏರಿ ಒಳಹೋಗುವಂತೆ ಒಂದು ಬಾಗು ಕೊಟ್ಟು ನೀರು ಆ ಬಾಗಿನಲ್ಲೇ ತೊಟ್ಟಿಕ್ಕುವಂತೆ ಮಾಡುವುದು ಇದಕ್ಕಿರುವ ಪರಿಹಾರ. ಖರ್ಚು ಕ್ಯಾಮೆರಾದ ಬೆಲೆಯ ಮುಂದೆ ಏನೇನೂ ಅಲ್ಲ.

ಆಕಾರದ ವಿಚಾರವನ್ನೂ ನೀರೇ ತೀರ್ಮಾನಿಸುತ್ತದೆ. ಗುಮ್ಮಟದಂಥ ಡೋಮ್ ಕ್ಯಾಮೆರಾದ ಪ್ಲಾಸ್ಟಿಕ್ ಮೇಲೆ ಹನಿ ನಿಂತರೆ ರಾತ್ರಿ ಅದರೊಳಗಿನ ಇನ್‌ಫ್ರಾರೆಡ್ ಬೆಳಕು ಹನಿಗೆ ಬಡಿದು ವಾಪಸು ಲೆನ್ಸಿಗೇ ಬರುತ್ತದೆ, ಚಿತ್ರ ಬೆಳ್ಳಗೆ ಮಂಕಾಗುತ್ತದೆ. ತೊಳೆಯುವ ಜಾಗದಲ್ಲಿ ತೇಲುವ ತುಂತುರಿನದೂ ಇದೇ ಕತೆ. ಕ್ಯಾಮೆರಾದ ಬೆಳಕನ್ನು ಆರಿಸಿ, ಎರಡು ಮೂರು ಮೀಟರ್ ಪಕ್ಕದಲ್ಲಿ ಸಾಮಾನ್ಯ ಎಲ್‌ಇಡಿ ದೀಪ ಹಾಕಿದರೆ ಚಿತ್ರ ತಿಳಿಯಾಗುತ್ತದೆ, ಬಣ್ಣವೂ ಉಳಿಯುತ್ತದೆ. ಲೆನ್ಸಿನ ಮುಂದೆ ಬಲೆ ಕಟ್ಟುವ ಜೇಡಗಳ ಕಾಟವೂ ತಗ್ಗುತ್ತದೆ.

ಇನ್ನು ಗೇಟು. ನನ್ನ ಅಭಿಪ್ರಾಯದಲ್ಲಿ ಇಡೀ ಶೆಡ್ಡಿನಲ್ಲಿ ಹೆಚ್ಚು ಹಣ ಹಾಕಬೇಕಾದ ಕ್ಯಾಮೆರಾ ಇದೇ, ಏಕೆಂದರೆ ಉಳಿದ ದೃಶ್ಯಗಳಿಗೆಲ್ಲ ಇದು ಹೆಸರು ಕೊಡುತ್ತದೆ: ಯಾವ ಗಾಡಿ, ಎಷ್ಟು ಗಂಟೆಗೆ. ಕಣ್ಗಾವಲು ವ್ಯವಸ್ಥೆಗಳ ಮಾನಕ ಐಇಸಿ 62676-4ರ 2014ರ ಆವೃತ್ತಿ ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್ ಬೀಳಬೇಕೆಂಬ ಅಳತೆಯನ್ನು ಕೊಟ್ಟಿತ್ತು. ಯಾರೋ ಇದ್ದಾರೆಂದು ತಿಳಿಯಲು 25, ಪರಿಚಿತರನ್ನು ಗುರುತಿಸಲು 125, ಅಪರಿಚಿತನ ಗುರುತು ಹಿಡಿಯಲು 250, ಸೂಕ್ಷ್ಮ ಪರಿಶೀಲನೆಗೆ 1000. ನಮ್ಮ ಮೋಟಾರು ವಾಹನ ನಿಯಮದಂತೆ ಕಾರಿನ ನಂಬರ್ ಪ್ಲೇಟಿನ ಅಕ್ಷರದ ಎತ್ತರ 65 ಮಿ.ಮೀ., ಗೆರೆಯ ದಪ್ಪ 10 ಮಿ.ಮೀ. ಮೀಟರಿಗೆ 250 ಪಿಕ್ಸೆಲ್ ಇದ್ದರೆ ಆ ಗೆರೆಗೆ ಎರಡೂವರೆ ಪಿಕ್ಸೆಲ್ ದಕ್ಕುತ್ತದೆ, ನಂಬರ್ ಓದಬಹುದು. 125ಕ್ಕೆ ಇಳಿದರೆ ಎಂಟು ಯಾವುದು, ಬಿ ಯಾವುದು ಎಂದು ತಡಕಾಡಬೇಕಾಗುತ್ತದೆ. 1920 ಪಿಕ್ಸೆಲ್ ಅಗಲದ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ 250ರ ಅಳತೆಯನ್ನು 7.68 ಮೀಟರ್ ಅಗಲದವರೆಗೆ ಮಾತ್ರ ಕೊಡಬಲ್ಲದು. ಗೇಟು ನಾಲ್ಕೈದು ಮೀಟರ್ ಇದ್ದರೆ ಅಷ್ಟು ಸಾಕು, ಆದರೆ ಗೇಟನ್ನಷ್ಟೇ ನೋಡುವಂತೆ ಲೆನ್ಸನ್ನು ಬಿಗಿಮಾಡಬೇಕು. ಅದೇ ಕ್ಯಾಮೆರಾದಲ್ಲಿ ರಸ್ತೆ, ಎದುರಿನ ಅಂಗಡಿ, ಆಕಾಶ ಎಲ್ಲ ಕಾಣಲಿ ಎಂದರೆ ನಂಬರ್ ಕೈಬಿಟ್ಟಿತೆಂದೇ ಲೆಕ್ಕ. ಹಾಗಾಗಿ ನಾಭಿದೂರವನ್ನು (ಫೋಕಲ್ ಲೆಂತ್) ಹೊಂದಿಸಬಹುದಾದ ವೇರಿಫೋಕಲ್ ಲೆನ್ಸನ್ನು ಇಲ್ಲಿಗೆ ಕೇಳಿ ಪಡೆಯಬೇಕು.

ಪಿಕ್ಸೆಲ್ ಜೊತೆಗೆ ಶಟರ್ ವೇಗವನ್ನೂ ನೋಡಬೇಕು. ಗಂಟೆಗೆ 10 ಕಿ.ಮೀ. ವೇಗದಲ್ಲಿ ಒಳಬರುವ ಕಾರು ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಒಂಬತ್ತು ಸೆಂ.ಮೀ. ಮುಂದೆ ಸರಿದಿರುತ್ತದೆ. ಅದು ಕ್ಯಾಮೆರಾದ ಎದುರು ಅಡ್ಡಲಾಗಿ ಹಾದರೆ ಅಕ್ಷರಗಳು ಕಲಸಿಹೋಗುತ್ತವೆ. ಶಟರನ್ನು ಐನೂರನೇ ಒಂದು ಭಾಗಕ್ಕೆ ಇಟ್ಟರೆ ಸರಿಯುವುದು 5.6 ಮಿ.ಮೀ., ಅಂದರೆ ಅಕ್ಷರದ ಗೆರೆಗಿಂತ ಕಡಿಮೆ. ನೇರವಾಗಿ ಎದುರು ಬರುವ ಕಾರಿಗೆ ಇಷ್ಟು ಬಿಗಿ ಬೇಕಿಲ್ಲ. ಗೇಟಿನಲ್ಲಿ ಒಂದು ಹಂಪ್ ಹಾಕಿದರೂ ಅರ್ಧ ಕೆಲಸ ಆದಂತೆಯೇ.

ಗೀರಿನ ಪ್ರಶ್ನೆಗೆ ಬರೋಣ. ಕ್ಯಾಮೆರಾ ಹಾಕಿಸುವವರ ಮನಸ್ಸಿನಲ್ಲಿ ಮೊದಲು ಇರುವುದು ಇದೇ, ಕ್ಯಾಮೆರಾ ಸೋಲುವುದೂ ಇಲ್ಲೇ. ನಾಲ್ಕು ಮೀಟರ್ ಉದ್ದದ ಕಾರಿನ ಒಂದು ಪಕ್ಕವನ್ನು ಚೌಕಟ್ಟಿಗೆ ಸರಿಯಾಗಿ ತುಂಬಿಸಿದರೂ ಎರಡು ಮೆಗಾಪಿಕ್ಸೆಲ್ಲಿನಲ್ಲಿ ಮೀಟರಿಗೆ 480 ಪಿಕ್ಸೆಲ್ ಬೀಳುತ್ತದೆ. ಒಂದು ಪಿಕ್ಸೆಲ್ ಎಂದರೆ ಎರಡು ಮಿ.ಮೀ. ಕೀಲಿಕೈಯಿಂದ ಎಳೆದ ಗೀರು ಅದಕ್ಕಿಂತ ಸಣ್ಣದು. ಎಂಟು ಮೆಗಾಪಿಕ್ಸೆಲ್ಲಿನಲ್ಲಿ 960 ಪಿಕ್ಸೆಲ್ ದಕ್ಕಿ ಮಾನಕದ 1000ದ ಹತ್ತಿರ ಬರುತ್ತೇವೆ ನಿಜ. ಆದರೆ ಕಾರು ಧೂಳಾಗಿರುತ್ತದೆ, ಬಾಗಿಲು ಹೊಳೆಯುತ್ತಿರುತ್ತದೆ, ಗೀರು ಕಾಣುವುದು ಬೆಳಕು ಓರೆಯಾಗಿ ಬಿದ್ದಾಗ ಮಾತ್ರ. ಡೆಂಟು, ಮುರಿದ ಕನ್ನಡಿ, ಒಡೆದ ದೀಪ ಇವಕ್ಕೆ ಗೇಟಿನ ಕ್ಯಾಮೆರಾ ಸಾಕ್ಷಿ ಹೇಳುತ್ತದೆ. ಗೀರಿಗೆ ಬೇಕಾದ್ದು ಕೀಲಿ ತೆಗೆದುಕೊಳ್ಳುವಾಗ ಗಿರಾಕಿಯ ಎದುರೇ ಕಾರಿನ ಸುತ್ತ ಮೊಬೈಲ್ ಹಿಡಿದು ನಡೆಯುವ ಒಂದು ನಿಮಿಷ, ಮತ್ತು ಜಾಬ್ ಕಾರ್ಡಿನಲ್ಲಿ ಅವರ ಒಂದು ಸಹಿ. ಈ ಕೆಲಸವನ್ನು ಗೋಡೆಯ ಮೇಲಿನ ಕ್ಯಾಮೆರಾಗೆ ಹೊರಿಸಿ, ಆಮೇಲೆ ಅದು ತೋರಿಸದಿದ್ದಾಗ ತೊಳೆದ ಹುಡುಗನ ಸಂಬಳದಲ್ಲಿ ಹಿಡಿಯುವುದು ಅನ್ಯಾಯ.

ದೂರದಿಂದ ನೋಡುವ ಸೌಲಭ್ಯವನ್ನು ಕ್ಯಾಮೆರಾದ ಗುಣವೆಂದು ಮಾರುತ್ತಾರೆ. ನಿಜದಲ್ಲಿ ಅದು ಶೆಡ್ಡಿನ ಇಂಟರ್‌ನೆಟ್ಟಿನ ಅಪ್‌ಲೋಡ್ ವೇಗಕ್ಕೆ ಸೇರಿದ್ದು. ಒಂದು ಕ್ಯಾಮೆರಾದ ಪೂರ್ಣ ಚಿತ್ರಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಎಂದಿಟ್ಟುಕೊಂಡರೆ ಐದಕ್ಕೆ 20. ಆದ್ದರಿಂದ ಪ್ರತಿ ಕ್ಯಾಮೆರಾವೂ ಎರಡನೆಯದೊಂದು ಸಣ್ಣ ಚಿತ್ರವನ್ನು, ಅಂದರೆ ಸಬ್‌ಸ್ಟ್ರೀಮನ್ನು, ಕಳಿಸುತ್ತದೆ. ಅದನ್ನು 512 ಕಿಲೋಬಿಟ್‌ಗೆ ಇಟ್ಟರೆ ಐದೂ ಸೇರಿ ಎರಡೂವರೆ ಮೆಗಾಬಿಟ್. ಫೈಬರ್ ಇಲ್ಲದ ಕಡೆ 4ಜಿ ಸಿಮ್ಮಿನಲ್ಲಿ ನಡೆಸುವವರು ಗಮನಿಸಬೇಕಾದ್ದು: ಒಂದು ಕ್ಯಾಮೆರಾದ ಸಬ್‌ಸ್ಟ್ರೀಮ್ ಗಂಟೆಗೆ ಸುಮಾರು 230 ಎಂಬಿ, ಪೂರ್ಣ ಚಿತ್ರ 1.8 ಜಿಬಿ. ದಿನಕ್ಕೆ ಎರಡು ಜಿಬಿಯ ಪ್ಯಾಕು ಒಂದು ಗಂಟೆಯ ಪೂರ್ಣ ಚಿತ್ರಕ್ಕೇ ಮುಗಿದಂತೆ. ರೆಕಾರ್ಡಿಂಗ್ ಶೆಡ್ಡಿನಲ್ಲಿಟ್ಟ ರೆಕಾರ್ಡರಿನಲ್ಲೇ, ಅಂದರೆ ಎನ್‌ವಿಆರ್‌ನಲ್ಲೇ, ನಡೆದು, ಮಾಲೀಕ ಬೇಕಾದಾಗ ಮಾತ್ರ ಇಣುಕುವ ಏರ್ಪಾಡು ಅದಕ್ಕಾಗಿಯೇ ಒಳ್ಳೆಯದು. ಇಂಟರ್‌ನೆಟ್ ಹೋದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ. ವೈಫೈ ಕ್ಯಾಮೆರಾಗಳನ್ನು ನಾನು ಇಲ್ಲಿಗೆ ಒಪ್ಪುವುದಿಲ್ಲ. ತಗಡಿನ ಗೋಡೆ, ನೀರಿನ ತುಂತುರು, ಬಂದುಹೋಗುವ ಕಾರುಗಳ ನಡುವೆ ಸಿಗ್ನಲ್ ನಿಲ್ಲುವುದು ಕಷ್ಟ. ಕರೆಂಟನ್ನೂ ಚಿತ್ರವನ್ನೂ ಒಂದೇ ಕೇಬಲಿನಲ್ಲಿ ಒಯ್ಯುವ ಪಿಒಇ ವ್ಯವಸ್ಥೆ 100 ಮೀಟರ್‌ವರೆಗೆ ನಡೆಯುತ್ತದೆ. ಒಂದೇ ಯುಪಿಎಸ್‌ನಿಂದ ಎಲ್ಲ ಕ್ಯಾಮೆರಾಗಳೂ ಉಸಿರಾಡುತ್ತವೆ. ತಾಮ್ರದ ಕೇಬಲ್ ಎಂದು ಹೇಳಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೊಡುವುದುಂಟು. ತುದಿಯನ್ನು ಕೆರೆದು ನೋಡಬೇಕು.

ಮೊಬೈಲಿನಲ್ಲಿ ಕಾಣಿಸಲೆಂದು ರೌಟರ್‌ನಲ್ಲಿ ಪೋರ್ಟ್ ತೆರೆದಿಡುವ ಹಳೆಯ ರೂಢಿ ಇನ್ನೂ ಹೋಗಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಇಂಥ ಬಾಗಿಲುಗಳಿಂದಲೇ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟ ಕ್ಯಾಮೆರಾ, ಡಿವಿಆರ್‌ಗಳನ್ನು ಅದು ಅರವತ್ತು ಚಿಲ್ಲರೆ ಹೆಸರು–ಪಾಸ್‌ವರ್ಡ್ ಜೋಡಿಗಳಿಂದ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳು ತೆರೆಯದಂತಾದದ್ದರ ಹಿಂದೆ ಇದೇ ಇತ್ತು. ಇಂದು ಮೊಬೈಲ್ ಕಂಪನಿಗಳೂ ಹಲವು ಫೈಬರ್ ಕಂಪನಿಗಳೂ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗಿರಾಕಿಗಳಿಗೆ ಹಂಚುವುದರಿಂದ ಪೋರ್ಟ್ ತೆರೆದರೂ ಕೆಲಸವಾಗದು. ಉಳಿಯುವ ದಾರಿ ಎರಡು: ತಯಾರಕರ ಕ್ಲೌಡ್ ಆ್ಯಪ್, ಇಲ್ಲವೇ ಸ್ವಂತ ವಿಪಿಎನ್. ಆ್ಯಪ್ ಸುಲಭ, ಆದರೆ ತಯಾರಕರ ಸರ್ವರನ್ನು ನಂಬಬೇಕು. ಕೇಂದ್ರ ಸರ್ಕಾರ 2024ರಲ್ಲಿ ಅಧಿಸೂಚನೆ ಹೊರಡಿಸಿ, 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಈಗ ಕೊಳ್ಳುವವರು ಆ ಮಾಡೆಲ್ಲಿನ ಪ್ರಮಾಣಪತ್ರವನ್ನು ಕೇಳುವುದು ಅವರ ಹಕ್ಕು. ಇದರಷ್ಟೇ ಮುಖ್ಯವಾದದ್ದು, ಅಡ್ಮಿನ್ ಖಾತೆ ಯಾರ ಮೊಬೈಲ್ ನಂಬರಿನಲ್ಲಿದೆ ಎಂಬುದು. ಕ್ಯಾಮೆರಾ ಕೂರಿಸಿದವರು ತಮ್ಮ ನಂಬರಿನಲ್ಲೇ ಖಾತೆ ತೆರೆದು ಮಾಲೀಕನಿಗೆ 'ಶೇರ್' ಮಾಡಿ ಹೋದರೆ ಶೆಡ್ಡಿನ ಕೀಲಿಯನ್ನು ಅವರ ಜೇಬಿನಲ್ಲೇ ಬಿಟ್ಟಂತೆ.

ಶೇಖರಣೆಯ ಲೆಕ್ಕ ಸರಳ. 4 ಮೆಗಾಬಿಟ್ ಚಿತ್ರ ದಿನಕ್ಕೆ 43.2 ಜಿಬಿ. ಐದು ಕ್ಯಾಮೆರಾಗಳಿಗೆ ಮೂವತ್ತು ದಿನಕ್ಕೆ ಆರೂವರೆ ಟಿಬಿ. ಎಚ್.265 ಸಂಕೋಚನದಲ್ಲಿ 2 ಮೆಗಾಬಿಟ್‌ಗೆ ಇಳಿಸಿದರೆ 4 ಟಿಬಿ ಡಿಸ್ಕು ಸಾಕು. ಮೂವತ್ತು ದಿನ ಎಂಬುದನ್ನು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಿಂದ ತೆಗೆದುಕೊಂಡಿದ್ದೇನೆ. ಅದು ಹೆಚ್ಚು ಜನ ಸೇರುವ ಸ್ಥಳಗಳಿಗೆ ಅನ್ವಯಿಸುವಂಥದ್ದು, ಸಣ್ಣ ಶೆಡ್ಡಿಗೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ವಿವೇಕ. ದೃಶ್ಯ ಠಾಣೆಗೋ ಕೋರ್ಟಿಗೋ ಹೋಗಬೇಕಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತದ ಡಿಜಿಟಲ್ ಬೆರಳಚ್ಚು) ನಮೂದಿಸಬೇಕು. ಎನ್‌ವಿಆರ್‌ನ ಗಡಿಯಾರ ತಪ್ಪಿದ್ದರೆ ಎದುರು ವಕೀಲರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ಇಂಟರ್‌ನೆಟ್ಟಿನಿಂದ ಸಮಯ ಸರಿಪಡಿಸಿಕೊಳ್ಳುವ ಎನ್‌ಟಿಪಿ ಸೆಟ್ಟಿಂಗನ್ನು ಮೊದಲ ದಿನವೇ ಹಾಕಿಸಿಡಬೇಕು.

ಕೊನೆಯದಾಗಿ ಶೆಡ್ಡಿನಲ್ಲಿ ದುಡಿಯುವವರ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಗಾಗಿ ಒದ್ದೆ ಬಟ್ಟೆ ಬದಲಿಸುವ ಮೂಲೆ, ಊಟಕ್ಕೆ ಕೂರುವ ಜಾಗ ಇವುಗಳ ಕಡೆ ಲೆನ್ಸು ತಿರುಗಬಾರದು. ಮೈಕ್ ಇರುವ ಕ್ಯಾಮೆರಾ ಆದರೆ ಧ್ವನಿ ಆರಿಸಿಡಬೇಕು. ಕ್ಯಾಮೆರಾ ಇದೆಯೆಂದು ಕನ್ನಡದಲ್ಲಿ, ಅಲ್ಲಿ ದುಡಿಯುವವರು ಓದುವ ಬೇರೆ ಭಾಷೆಯಿದ್ದರೆ ಅದರಲ್ಲೂ, ಬೋರ್ಡು ಹಾಕಬೇಕು. ವ್ಯಾಕ್ಯೂಮ್ ಹೊಡೆಯುವ ಅಂಗಳದ ಕ್ಯಾಮೆರಾವನ್ನು ಕಾರಿನ ನಾಲ್ಕೂ ಬಾಗಿಲು ತೆರೆದಾಗ ಒಳಗೆ ಚಾಚಿದ ಕೈ ಕಾಣುವ ಕೋನದಲ್ಲಿ ಇಡಬೇಕು. ಪರ್ಸು ಕಳೆಯಿತೆಂದು ಗಿರಾಕಿ ಹೇಳಿದ ದಿನ ಆ ದೃಶ್ಯವನ್ನು ಆರೋಪಕ್ಕೆ ಗುರಿಯಾದ ಹುಡುಗನ ಎದುರೇ, ಅವನೂ ನೋಡುವಂತೆ ತೆರೆಯಬೇಕು. ಅವನು ಕೇಳಿದರೆ ಅದರ ಪ್ರತಿಯನ್ನೂ ಕೊಡಬೇಕು.