ಚೆಲುವಿನ ಬಂದೂಕು, ಕೆಸರಿನ ಪರೀಕ್ಷೆ

ನಮ್ಮ ಪೊಲೀಸರ ಹೆಗಲಲ್ಲಿ ಬಹುಕಾಲ ತೂಗಿದ ‘ತ್ರೀ ನಾಟ್ ತ್ರೀ’ ಬಂದೂಕನ್ನು ಚೆಂದವೆಂದು ಯಾರಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ನಳಿಗೆಯ ತುದಿಯವರೆಗೂ ಮರದ ಹೊದಿಕೆ, ಮೊಂಡು ಮೂತಿ. ಲೀ-ಎನ್‌ಫೀಲ್ಡ್ ಎಂಬುದು ಅದರ ಮೂಲ ಹೆಸರು. ಅದರ ಬೆಲೆ ಅರಿಯಲು ಮೊದಲ ಮಹಾಯುದ್ಧದಲ್ಲಿ ಅದರ ಎದುರು ಸೋತ ಒಂದು ಸೊಗಸಾದ ಬಂದೂಕಿನ ಕಥೆ ತಿಳಿಯಬೇಕು.

ಅದು ಕೆನಡಾದ ರಾಸ್ ರೈಫಲ್. ಬೋಯರ್ ಯುದ್ಧದ ಕಾಲದಲ್ಲಿ ಬ್ರಿಟನ್ನಿನಿಂದ ಲೀ-ಎನ್‌ಫೀಲ್ಡ್ ದೊರೆಯದೆ ಹೋದಾಗ ಕೆನಡಾ ತನ್ನದೇ ಬಂದೂಕು ಮಾಡಲು ಹೊರಟಿತು. ಸ್ಕಾಟ್ಲೆಂಡಿನ ಸಿರಿವಂತ ಸರ್ ಚಾರ್ಲ್ಸ್ ರಾಸ್ ವಿನ್ಯಾಸ ಕೊಟ್ಟ. ಕ್ವಿಬೆಕ್ ನಗರದಲ್ಲಿ ಕಾರ್ಖಾನೆ ಎದ್ದಿತು. ನೀಳವಾದ ಬಂದೂಕು. ಬೋಲ್ಟಿನ ಹಿಡಿಯನ್ನು ತಿರುಗಿಸುವ ಗೊಡವೆಯಿಲ್ಲ. ನೇರವಾಗಿ ಎಳೆದು ತಳ್ಳಿದರಾಯಿತು. ಗುರಿ ಸ್ಪರ್ಧೆಗಳಲ್ಲಿ ಬಹುಮಾನಗಳನ್ನೂ ಗೆದ್ದಿತು. ಸೇನಾ ಖಾತೆಯ ಮಂತ್ರಿ ಸ್ಯಾಮ್ ಹ್ಯೂಸ್‌ಗೆ ಅದು ದೇಶದ ಅಭಿಮಾನದ ಮಾತಾಯಿತು.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಜರ್ಮನರು ಕ್ಲೋರಿನ್ ಅನಿಲ ಹರಿಯಬಿಟ್ಟರು. ಮುಂದಿನ ದಿನಗಳಲ್ಲಿ ಕೆನಡಾದ ಸೈನಿಕರು ಅಲ್ಲಿ ಬಿಡುವಿಲ್ಲದೆ ಗುಂಡು ಹಾರಿಸಬೇಕಾಯಿತು. ರಾಸ್‌ನಲ್ಲಿ ತೋಟೆ ಕೂರುವ ಗೂಡು ಬಿಗಿ. ಅಳತೆಯಲ್ಲಿ ಕೂದಲೆಳೆ ದಪ್ಪವಿದ್ದ ಬ್ರಿಟಿಷ್ ತೋಟೆಗಳು ನಳಿಗೆ ಕಾದೊಡನೆ ಅಲ್ಲೇ ಕಚ್ಚಿಕೊಂಡವು. ಕೆಸರು ಸೇರಿದರಂತೂ ಬೋಲ್ಟ್ ಅಲುಗದು. ಬೂಟುಗಾಲಿನಿಂದ ಒದ್ದು, ಗುದ್ದಲಿಯ ಕಾವಿನಿಂದ ಬಡಿದು ಅದನ್ನು ತೆರೆಯಬೇಕಿತ್ತು. ಅಷ್ಟು ಹೊತ್ತು ಎದುರಾಳಿ ಕಾಯುತ್ತಾನೆಯೇ? ಬದುಕುಳಿದ ಸುಮಾರು 5,000 ಮಂದಿಯಲ್ಲಿ 1,452 ಜನ ರಾಸ್ ಬಿಸಾಡಿ, ಸತ್ತವರ ಪಕ್ಕದಲ್ಲಿ ಬಿದ್ದಿದ್ದ ಲೀ-ಎನ್‌ಫೀಲ್ಡ್ ಎತ್ತಿಕೊಂಡಿದ್ದರು. ಅದೇ ಕದನಕ್ಕೆ ಇಳಿದ ನಮ್ಮ ಲಾಹೋರ್ ಡಿವಿಜನ್ನಿನ ಸಿಪಾಯಿಗಳ ಕೈಯಲ್ಲಿದ್ದದ್ದೂ ಅದೇ. ಅದರ ಗೂಡು ಕೊಂಚ ಸಡಿಲ. ಧೂಳನ್ನೂ ಒರಟು ತೋಟೆಯನ್ನೂ ಸಹಿಸುತ್ತಿತ್ತು. ರಾಸ್‌ನಲ್ಲಿ ಐದು ಗುಂಡು ಹಿಡಿದರೆ ಇದರಲ್ಲಿ ಹತ್ತು.

ಆ 1,452 ಎಂಬ ಸಂಖ್ಯೆಯನ್ನು ನಾನು ಮತದಾನದ ಲೆಕ್ಕದಂತೆ ಓದುತ್ತೇನೆ. ಅಧಿಕಾರಿಗಳ ಅಪ್ಪಣೆಗೂ ಕಾಯದೆ ಸೈನಿಕರು ಹಾಕಿದ ಮತ ಅದು. ಹ್ಯೂಸ್ ಮಾತ್ರ ಒಪ್ಪಲಿಲ್ಲ. ರಾಸ್ ಕೈಕೊಡುತ್ತಿದೆ ಎಂದು ಬರೆದ ಸೇನಾಪತಿ ಆಲ್ಡರ್ಸನ್‌ರ ಮೇಲೆಯೇ ಹರಿಹಾಯ್ದ. ಮೊದಲ ಡಿವಿಜನ್ನಿಗೆ 1915ರಲ್ಲೇ ಲೀ-ಎನ್‌ಫೀಲ್ಡ್ ಸಿಕ್ಕಿತು; ಉಳಿದವರು 1916ರವರೆಗೆ ಕಾಯಬೇಕಾಯಿತು. ಅದೇ ವರ್ಷ ಆಲ್ಡರ್ಸನ್ ದಂಡನಾಯಕತ್ವ ಕಳೆದುಕೊಂಡರು. ಹ್ಯೂಸ್‌ನ ಮಂತ್ರಿ ಪದವಿಯೂ ಹೋಯಿತು.

ರಾಸ್ ಕೆಟ್ಟ ಬಂದೂಕು ಎನ್ನಲು ನನಗೆ ಮನಸ್ಸಿಲ್ಲ. ಹೊಂಚಿ ಕೂತು ಒಂದೊಂದೇ ಗುಂಡು ಹಾರಿಸುವ ಸ್ನೈಪರ್‌ಗಳು ಆಮೇಲೂ ಅದನ್ನೇ ಮೆಚ್ಚಿ ಬಳಸಿದರು. ಆದರೆ ಅದನ್ನು ಆರಿಸಿದವರು ಒಣ ಮೈದಾನದಲ್ಲಿ ನೋಡಿ ತಲೆದೂಗಿದ್ದರು. ಕೆಸರಿನಲ್ಲಿ ಅದನ್ನು ಹಿಡಿಯಬೇಕಾದವರನ್ನು ಯಾರೂ ಮೊದಲು ಕೇಳಿರಲಿಲ್ಲ.