ಆಂಗ್ಲ ಶಬ್ದಸಂಪತ್ತೂ ನಮ್ಮ ಜಿಲ್ಲೆಯ ಕೋಶಗಳೂ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಬಹುತರ ವಿದ್ಯಾರ್ಥಿಗಳಿಗೆ ಇಂಗ್ಲಿಷು ಎರಡನೆಯ ಭಾಷೆಯಲ್ಲ, ಮೂರನೆಯದು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷು. ಆದುದರಿಂದ ಆಂಗ್ಲ ಶಬ್ದಗಳನ್ನು ನಮ್ಮವರು ಸಂಪಾದಿಸಿದ ಬಗೆಯನ್ನು ತಿಳಿಯಬೇಕಾದರೆ, ಈ ಭಾಷೆಗಳನ್ನು ಒಂದಕ್ಕೊಂದು ಬೆಸೆದ ಕೋಶಗಳ ಚರಿತ್ರೆಯನ್ನು ನೋಡಬೇಕು.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ತರುವಾಯ ಈ ಸೀಮೆಯು ಕುಂಪಣಿ ಸರಕಾರದ ವಶವಾಯಿತು. ವಿಲಿಯಂ ರೀವನು 1824ರಲ್ಲಿ ಇಂಗ್ಲಿಷ್-ಕನ್ನಡ ಕೋಶವನ್ನೂ, 1832ರಲ್ಲಿ ಕನ್ನಡ-ಇಂಗ್ಲಿಷ್ ಕೋಶವನ್ನೂ ಮದರಾಸಿನಲ್ಲಿ ಅಚ್ಚು ಹಾಕಿಸಿದನು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಅವರ ಮುದ್ರಣಾಲಯದಿಂದಲೇ 1876ರಲ್ಲಿ ಝೀಗ್ಲರರ ಇಂಗ್ಲಿಷ್-ಕನ್ನಡ ಶಾಲಾಕೋಶವು ಹೊರಟಿತು. 1886ರಲ್ಲಿ ಮೆನ್ನರರು ತುಳು-ಇಂಗ್ಲಿಷ್ ಕೋಶವನ್ನೂ, 1888ರಲ್ಲಿ ಇಂಗ್ಲಿಷ್-ತುಳು ಕೋಶವನ್ನೂ ಪ್ರಕಟಿಸಿದರು. ಹೀಗೆ ಮನೆಯ ಮಾತು ಇಂಗ್ಲಿಷಿನ ಮಗ್ಗುಲಲ್ಲಿ ಕನ್ನಡ ಲಿಪಿಯಲ್ಲಿ ಕುಳಿತಿತು.

ಶಬ್ದಗಳನ್ನು ಕಂಠಪಾಠ ಮಾಡುವುದು ನಮ್ಮವರಿಗೆ ಹೊಸತಲ್ಲ. ಅಮರಕೋಶದ ಮೂರು ಕಾಂಡಗಳನ್ನು ಬಾಯಿಪಾಠ ಒಪ್ಪಿಸುವುದೇ ಪೂರ್ವದ ವಿದ್ಯಾಭ್ಯಾಸಕ್ಕೆ ತಳಹದಿಯಾಗಿತ್ತು. ಇಂಗ್ಲಿಷಿಗೂ ಇದೇ ಕ್ರಮವನ್ನು ಹಿಡಿದವನಿಗೆ ಶಬ್ದಗಳು ದೊರೆಯುತ್ತವೆ, ನುಡಿಗಟ್ಟು ದೊರೆಯುವುದಿಲ್ಲ. ನಾವು ಅನ್ನ ತಿನ್ನುತ್ತೇವೆ, ಪೆಟ್ಟು ತಿನ್ನುತ್ತೇವೆ. ಲಂಚವನ್ನೂ ಕೆಲವರು ತಿನ್ನುತ್ತಾರೆ. ಆಂಗ್ಲರು ಅನ್ನವನ್ನು ಮಾತ್ರವೇ ತಿನ್ನುವರು. ಲಂಚವನ್ನು ಅವರು ತೆಗೆದುಕೊಳ್ಳುವರು. ಅವರ 'ಬ್ರೇಕ್' ಎಂಬ ಒಂದು ಕ್ರಿಯಾಪದಕ್ಕೆ ನಾವು ಕೋಲನ್ನು ಮುರಿಯಬೇಕು, ಗಡಿಗೆಯನ್ನು ಒಡೆಯಬೇಕು, ಮಾತಿಗೆ ತಪ್ಪಬೇಕು. ಒಂದು ಶಬ್ದಕ್ಕೆ ಒಂದೇ ಅರ್ಥವನ್ನು ಉರು ಹೊಡೆದವನು ಇಲ್ಲಿ ಎಡವುತ್ತಾನೆ.

ಈ ಮರ್ಮವನ್ನು ಚೆನ್ನಾಗಿ ಅರಿತವರು ಫರ್ಡಿನಂಡ್ ಕಿಟ್ಟೆಲರು. 1853ರಲ್ಲಿ ಭಾರತಕ್ಕೆ ಬಂದ ಅವರ ಕನ್ನಡ-ಇಂಗ್ಲಿಷ್ ಕೋಶವು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಅರ್ಥವನ್ನಷ್ಟೇ ಹೇಳಿ ಬಿಡದೆ, ಕಾವ್ಯಪ್ರಯೋಗಗಳನ್ನೂ ಜನರ ಗಾದೆಗಳನ್ನೂ ಅವರು ಜತೆಗೂಡಿಸಿದರು. ಪರಭಾಷೆಯ ಶಬ್ದವನ್ನು ಹೇಗೆ ಕಲಿಯಬೇಕೆಂಬುದಕ್ಕೆ ನಮಗೆ ಅದು ಮೇಲ್ಪಂಕ್ತಿ.

ಇದೇ ದಾರಿಯನ್ನು ನಮ್ಮ ಕಡೆಯಿಂದ ನಡೆದು ತೋರಿಸಿದವರು 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು. ಮನೆಮಾತು ಕೊಂಕಣಿ, ವೃತ್ತಿಯಲ್ಲಿ ಅಧ್ಯಾಪಕರು, ಶಾಲಾ ತನಿಖೆದಾರರು. ಇಂಗ್ಲಿಷಿನ ಕಥೆ ಕವಿತೆಗಳನ್ನು ಅವರು ಕನ್ನಡಕ್ಕೆ ತಂದಾಗ ಶಬ್ದಕ್ಕೆ ಶಬ್ದ ಜೋಡಿಸಲಿಲ್ಲ. ನಮ್ಮ ಮಕ್ಕಳ ಬಾಯಿಗೆ ಒಗ್ಗುವ ಮಾತನ್ನೇ ಹುಡುಕಿದರು. ಎರಡು ಭಾಷೆಗಳ ನುಡಿಗಟ್ಟನ್ನೂ ಬಲ್ಲವರಿಗಲ್ಲದೆ ಇದು ಸಾಧ್ಯವಲ್ಲ.

ಈಗ ಕಾಲ ಬದಲಾಗಿದೆ. ಈ ಮೂರು ಊರುಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ಶಾಲೆಗಳಿವೆ; ಆಂಗ್ಲ ಶಬ್ದಗಳಿಗೆ ಬರವಿಲ್ಲ. ಆದರೆ ಮೇಲೆ ಹೇಳಿದ ಕೋಶಗಳೆಲ್ಲವೂ ಓದುಗನಿಗೆ ಒಂದು ಭಾಷೆಯಾದರೂ ಚೆನ್ನಾಗಿ ಬರುತ್ತದೆಂದು ನಂಬಿ ರಚಿತವಾದವು. ಮನೆಯ ಶಬ್ದವನ್ನೇ ಅರಿಯದ ಮಗುವಿಗೆ ಕೋಶದ ಒಂದು ಪಕ್ಕವು ಬರಿದಾಗಿಯೇ ಇರುತ್ತದೆ. ಆದುದರಿಂದ ಮಕ್ಕಳು ಹೊಸ ಇಂಗ್ಲಿಷ್ ಪದವೊಂದನ್ನು ಮನೆಗೆ ತಂದಾಗ, 'ನಮ್ಮಲ್ಲಿ ಇದಕ್ಕೆ ಏನೆನ್ನುತ್ತಾರೆ?' ಎಂದು ಹಿರಿಯರು ಕೇಳಿದರೆ ಸಾಕು. ಮಕ್ಕಳ ಇಂಗ್ಲಿಷಿಗೂ ಅದರಿಂದ ಪುಷ್ಟಿ ಬರುವುದು, ನಮ್ಮ ನುಡಿಗಳೂ ಉಳಿಯುವವು.