ಹಳೆಯ ಮನೆಯ ಮರಗೆಲಸವೂ ಅದರ ಮೇಲಣ ಲೇಪವೂ

ಹಳೆಯ ಮನೆಯೊಂದು ಕೈಸೇರಿದೊಡನೆ, ಬಾಗಿಲು ಕಂಬಗಳ ಮೇಲೆ ಪದರಗಟ್ಟಿರುವ ಬಣ್ಣವನ್ನೆಲ್ಲ ಹೆರೆದು ಒಳಗಿನ ‘ನಿಜವಾದ’ ಮರವನ್ನು ಕಾಣಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಆ ಮರವು ಮೊದಲು ಬರಿಮೈಯಲ್ಲಿಯೇ ಇದ್ದಿತೆ? ಇಂಗ್ಲೆಂಡಿನ ಹಳೆಯ ಮನೆಗಳ ಚರಿತ್ರೆಯು ಇದಕ್ಕೆ ಎರಡು ವಿರುದ್ಧವಾದ ಉತ್ತರಗಳನ್ನು ಕೊಡುತ್ತದೆ.

೧೮ನೆಯ ಶತಮಾನದಲ್ಲಿ ಅಲ್ಲಿನ ಎಷ್ಟೋ ಮನೆಗಳ ಗೋಡೆಗಳಿಗೆ ಪೈನ್ ಜಾತಿಯ ಅಗ್ಗದ ಹಲಗೆಗಳನ್ನು ಹೊದಿಸುತ್ತಿದ್ದರು. ಮೇಲೆ ಬಣ್ಣ ಬರುವುದೆಂದು ಬಲ್ಲ ಬಡಗಿಯು ಮರದ ಗಂಟುಗಳನ್ನು ಲೆಕ್ಕಿಸುತ್ತಿರಲಿಲ್ಲ. ಅಗಸೆ ಎಣ್ಣೆಯಲ್ಲಿ ಅರೆದ ಸೀಸದ ಬಿಳುಪೇ ಆ ಬಣ್ಣದ ಮೂಲ. ೨೦ನೆಯ ಶತಮಾನದ ಅಭಿರುಚಿಯು ಇದನ್ನು ಮರೆತು, ಕಾಸ್ಟಿಕ್ ಸೋಡದಿಂದ ಲೇಪವನ್ನೆಲ್ಲ ತೊಳೆದು ಗಂಟುಗಂಟಾದ ಕಂದು ಕೋಣೆಗಳನ್ನು ನಿರ್ಮಿಸಿತು. ಕಟ್ಟಿಸಿದವರು ಅಂತಹ ಕೋಣೆಯನ್ನು ಕನಸಿನಲ್ಲಿಯೂ ಕಂಡಿರಲಾರರು! ಕ್ಷಾರದಿಂದ ಮರದ ಎಳೆಗಳು ಮೇಲೆದ್ದುವು. ಅಂಟಿನ ಬೆಸುಗೆಗಳು ಸಡಿಲಿದುವು. ಯಾವ ತಲೆಮಾರಿನವರು ಯಾವ ಬಣ್ಣವನ್ನು ಮೆಚ್ಚಿದ್ದರೆಂಬ ದಾಖಲೆಯೂ ಅದರೊಡನೆ ಹರಿದುಹೋಯಿತು. ಸಾಸಿವೆಕಾಳಿನಷ್ಟು ಚೂರೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪದರಗಳನ್ನೆಣಿಸುವ ಇಂದಿನ ವಿದ್ವಾಂಸರಿಗೆ ಅಲ್ಲಿ ಓದಲು ಏನೂ ಉಳಿದಿಲ್ಲ.

ಗ್ರಿನ್ಲಿಂಗ್ ಗಿಬ್ಬನ್ಸನ (೧೬೪೮–೧೭೨೧) ಕೆತ್ತನೆಗಳ ಕಥೆ ಬೇರೆ. ಪೆಟ್‌ವರ್ತ್ ಮನೆ, ಹ್ಯಾಂಪ್ಟನ್ ಕೋರ್ಟ್ ಅರಮನೆ ಮೊದಲಾದೆಡೆ ಅವನು ಹೂ, ಹಣ್ಣು, ಹಕ್ಕಿಗಳನ್ನು ಲೈಮ್ ಮರದಲ್ಲಿ ಕಡೆದನು. (ಇದು ನಮ್ಮ ನಿಂಬೆಯಲ್ಲ, ಮೆದುವಾದ, ನಸುಬಿಳಿಯ ಬೇರೊಂದು ಮರ.) ಅದಕ್ಕೆ ಯಾವ ಲೇಪವನ್ನೂ ಕೊಡದೆ, ಕಪ್ಪಾದ ಓಕ್ ಹಲಗೆಯ ಮೇಲೆ ಬೆಳಗುವಂತೆ ಬಿಡುವುದು ಅವನ ಉದ್ದೇಶ. ಮುಂದಿನವರು ವಾರ್ನಿಷು, ಕಂದು ಬಣ್ಣ, ಮೇಣಗಳನ್ನು ಬಳಿದು ಆ ಬೆಳಕನ್ನೇ ಆರಿಸಿದರು. ಇಲ್ಲಿ ಲೇಪವನ್ನು ತೆಗೆಯುವುದೇ ನ್ಯಾಯವೆಂದು ನನಗೆ ತೋರುತ್ತದೆ. ಆದರೆ ಅದಕ್ಕೂ ಮೃದುವಾದ ಕೈ ಬೇಕು. ೧೯೮೬ರ ಮಾರ್ಚ್ ೩೧ರಂದು ಹ್ಯಾಂಪ್ಟನ್ ಕೋರ್ಟಿಗೆ ಬೆಂಕಿ ಬಿದ್ದ ತರುವಾಯ, ಸುಟ್ಟುಹೋದ ಕೆತ್ತನೆಯೊಂದನ್ನು ಮರಳಿ ಕಡೆಯಲು ಬಂದ ಅಮೆರಿಕದ ಶಿಲ್ಪಿ ಡೇವಿಡ್ ಎಸ್ಟರ್ಲಿಯು ಹಳೆಯ ಕೆತ್ತನೆಗಳ ಮೇಲೆ ಸೂಕ್ಷ್ಮವಾದ ಗೀರುಗಳನ್ನು ಗುರುತಿಸಿದನು. ಗಿಬ್ಬನ್ಸನು ತನ್ನ ಕೆಲಸವನ್ನು ನಯಗೊಳಿಸಿದ್ದು ಒರಟಾದ ಒಂದು ಜಾತಿಯ ಜೊಂಡಿನಿಂದ ಉಜ್ಜಿ ಎಂದು ಅವನು ಅವುಗಳಿಂದ ಊಹಿಸಿದನು. ಯಾರಾದರೂ ಕ್ಷಾರದಿಂದ ತಿಕ್ಕಿದ್ದರೆ ಆ ಗೀರುಗಳೆಲ್ಲಿ?

೧೮೭೭ರಲ್ಲಿ ವಿಲಿಯಂ ಮಾರಿಸನು ಹಳೆಯ ಕಟ್ಟಡಗಳ ರಕ್ಷಣೆಗಾಗಿ ಸ್ಥಾಪಿಸಿದ ಸಂಘಕ್ಕೆ ‘ಹೆರೆಯಬೇಡಿರೆನ್ನುವವರು’ ಎಂಬರ್ಥದ ಅಡ್ಡಹೆಸರು ಬಿದ್ದುದು, ಚರ್ಚುಗಳ ಗಾರೆಯನ್ನು ಕೆರೆಯುವವರನ್ನು ಅವರು ವಿರೋಧಿಸಿದುದರಿಂದಲೇ.

ನಮ್ಮ ಮನೆಗಳಲ್ಲಿಯೂ ಈ ವಿಚಾರಕ್ಕೆ ಆಸ್ಪದವಿದೆ. ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಬಾರದೆಂಬ ೨೦೧೬ರ ನಿಯಮವು ಭಾರತದಲ್ಲಿ ಜಾರಿಗೆ ಬಂದುದು ೨೦೧೭ರ ನವೆಂಬರ್ ೧ರಿಂದ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸವು ಹೆಚ್ಚಾಗಿರಬಹುದು. ಒಣಗಿದಂತೆಯೇ ಉಜ್ಜಿದರೆ ಧೂಳೂ, ಉರಿಯಿಂದ ಸುಟ್ಟರೆ ಹೊಗೆಯೂ ವಿಷ. ಮಕ್ಕಳ ಮಿದುಳಿಗಂತೂ ಅದರಿಂದ ತೀರದ ಹಾನಿ. ಆದುದರಿಂದ ಮೊದಲು ಬಣ್ಣವನ್ನು ಪರೀಕ್ಷೆ ಮಾಡಿಸಬೇಕು. ತೆಗೆಯುವುದಾದರೆ ಒದ್ದೆಮಾಡಿಯೇ ತೆಗೆಯಬೇಕು. ಬಾಗಿಲ ಕೀಲಿನ ಹಿಂದೆ ಅಂಗೈಯಗಲದ ಜಾಗವನ್ನಾದರೂ ಮುಟ್ಟದೆ ಉಳಿಸಿದರೆ, ಆ ಮನೆಯ ಬಣ್ಣಗಳೆಲ್ಲ ಅಲ್ಲಿ ಒಂದರ ಕೆಳಗೊಂದು ಇರುತ್ತವೆ.